ಹನ್ನೆರಡು ಮುಚ್ಚಳ

ದೇಸೂರಿನ ಗೂಡ್ಸ್ ಯಾರ್ಡು. ಬೆಳಗಿನ ಐದೂವರೆ.
ಸಿಮೆಂಟಿನ ಧೂಳು ಕೂತ ಹಳಿಯ ಮೇಲೆ
ಗೋಡೆಯಿಲ್ಲದ ವ್ಯಾಗನ್ನುಗಳ ಸಾಲು,
ಅಂಗಳದಲ್ಲಿ ಬಿಟ್ಟ ಖಾಲಿ ಹೊರಸಿನ ಹಾಗೆ.

ಹತ್ತಬೇಕಾದವು ಮಚ್ಛೆಯ ಶೆಡ್ಡಿನಿಂದ
ರಾತ್ರಿಯೇ ಬಂದು ನಿಂತಿವೆ. ಹೊಸ ಟ್ರೇಲರುಗಳು.
ಮೋತಿಯಿಲ್ಲ, ಎಂಜಿನ್ನಿಲ್ಲ, ನಂಬರಿಲ್ಲ,
ಹಿಂದೆ ಶಾಯರಿಯಿಲ್ಲ, ಮುಂದೆ ನಿಂಬೆಹಣ್ಣಿಲ್ಲ,
ಪ್ರೈಮರಿನ ಕೆಂಪು ಇನ್ನೂ ಬೆರಳಿಗೆ ಹತ್ತುತ್ತದೆ.
ಮುಂಗಾಲೂರಿ ನಿಂತಿವೆ,
ಯಾವುದೋ ಲಾರಿ ಬಂದು ಕೊರಳು ಕೊಡಲೆಂದು.

ನಾನು ವೆಲ್ಡರ್. ಇಲ್ಲಿ ಬರುವ ಕೆಲಸ ನನ್ನದಲ್ಲ.
ಸರಪಳಿ ಬಿಗಿಯುವ ಕೊಂಡಿಯೊಂದು ಬಿರಿದಿದೆಯೆಂದು
ನಡುರಾತ್ರಿ ಫೋನು. ಮಷೀನು ಟೆಂಪೋಕ್ಕೆ ಏರಿಸಿಕೊಂಡು ಬಂದೆ.
ಇಪ್ಪತ್ತೆರಡು ವರ್ಷ ಇವುಗಳ ಹೊಟ್ಟೆಯ ಕೆಳಗೆ
ಅಂಗಾತ ಮಲಗಿದವನು
ಇವು ಊರು ಬಿಡುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಟ್ರ್ಯಾಕ್ಟರು ಹಿಂದೆ ಹಿಂದೆ ದೂಡುತ್ತದೆ.
ಭರಮಾ ನಾಯಿಕ ಕೈ ಬೀಸಿ
ಕನ್ನಡದಲ್ಲಿ "ಬರ್ಲಿ, ಬರ್ಲಿ" ಅಂತಾನೆ,
ಮರಾಠಿಯಲ್ಲಿ "ಥಾಂಬ್!"
ಚಕ್ರಕ್ಕೆ ಎರಡೂ ತಿಳಿಯುತ್ತದೆ.
ಮಚ್ಛೆಯಿಂದ ಇಲ್ಲಿಗೆ ಹರದಾರಿಯಷ್ಟೇ ಉರುಳಿದ ಚಕ್ರ
ಇನ್ನು ಅಸ್ಸಾಮಿನ ತನಕ ಉರುಳದೆ ಹೋಗುತ್ತದೆ.
ಚಕ್ರದ ಮೇಲೆ ಚಕ್ರ.
ಹೊತ್ತದ್ದು ತಿರುಗುತ್ತದೆ,
ಹೊರಲೆಂದು ಹುಟ್ಟಿದ್ದು ಸುಮ್ಮನೆ ಕೂತಿರುತ್ತದೆ.

ಹನ್ನೊಂದನೆಯದು ಅಳತೆಯ ಕಮಾನಿಗೆ ತಾಗಿತು.

ಠಣ್ ಎಂದಿತು, ಅಷ್ಟೇ. ಯಾರ್ಡೆಲ್ಲ ನಿಂತಿತು.
ಜಿನ್ನಪ್ಪ ಹುದ್ದಾರ ಏಣಿ ಹತ್ತಿ ಬೆರಳಿಟ್ಟು ನೋಡಿದ:
"ಎರಡ ಬಟ್ಟ ಹೆಚ್ಚಾತು. ಮ್ಯಾಲ ಕರೆಂಟಿನ ತಂತಿ ಐತಿ,
ಸೇತುವಿ ಅದಾವು. ಆ ಪಟ್ಟಿ ಕೊಯ್ದ ಹಾಕ."
ಹೇಳಿ ನನ್ನ ಕಡೆ ನೋಡಿದ.

ಆ ಪಟ್ಟಿಯ ಹೊಲಿಗೆ ನನ್ನದು. ದೂರದಿಂದಲೇ ಗೊತ್ತಾಗುತ್ತದೆ.
ಮೀನಿನ ಹುರುಪೆಯಂಥ ಸಾಲು ತುದಿಗೆ ಬಂದಾಗ
ಚೂರು ಎಡಕ್ಕೆ ಹೊರಳುತ್ತದೆ,
ಮಣಿಕಟ್ಟು ಮುರಿದು ಕೂಡಿಸಿದಾಗಿನಿಂದ ಹಾಗೆ.
ಇನ್‌ಸ್ಪೆಕ್ಟರು ಅದನ್ನು ದೋಷ ಎಂದು ಬರೆದು
ಆಮೇಲೆ ಪಾಸು ಮಾಡುತ್ತಾನೆ.
ಕಟರು ಕೈಗೆತ್ತಿಕೊಂಡೆ. ಗ್ಯಾಸೂ ತೆರೆದೆ.
ಕಡ್ಡಿ ಗೀರಲು ಗಾಳಿಗೆ ಬೆನ್ನು ಮಾಡಿದೆ.

"ಗಾಳಿ ಬಿಟ್ಟರ ಆತಲ್ಲೇನ್ರಿ?"

ತೌಸೀಫ. ಟಾಯರಿನ ಹುಡುಗ.
ಯಾರೂ ಕೇಳದೆ ಮಾತಾಡಿದ್ದಕ್ಕೆ ತಾನೇ ಹೆದರಿ
ಕಾಲ ಬಳಿಯ ಜಲ್ಲಿ ನೋಡುತ್ತ ನಿಂತ.

ಹನ್ನೆರಡು ಟಾಯರು. ಒಂದೊಂದೇ ಮುಚ್ಚಳ ತಿರುವಿ
ಚಡ್ಡಿಯ ಜೇಬಿಗೆ ಹಾಕಿಕೊಂಡು,
ಮೊಳೆಯ ತುದಿ ಒತ್ತಿ ಹಿಡಿದ.
ಸೀಟಿಯಲ್ಲ, ನಿಟ್ಟುಸಿರಲ್ಲ;
ಕುಕ್ಕರ್ ಇಳಿಸಿದ ಮೇಲೆ ಉಳಿಯುವ ಸದ್ದು.
ಉದ್ಯಮಬಾಗದ ಕಂಪ್ರೆಸರಿನಲ್ಲಿ ತುಂಬಿದ ಗಾಳಿ,
ಫೌಂಡ್ರಿಯ ಸುಟ್ಟ ಮರಳು, ಮಸಿ,
ಮೂಲೆಯ ಗಾಡಿಯ ಮಿರ್ಚಿ ಎಣ್ಣೆ,
ಎಲ್ಲ ಸ್ವಲ್ಪ ಸ್ವಲ್ಪ ದೇಸೂರಿನ ಇಬ್ಬನಿಗೆ ಸೇರಿತು.
ಟ್ರೇಲರು ಕೂತಿತು. ಕಣ್ಣಿಗೆ ಕಾಣದಷ್ಟು.
ಕಮಾನಿನ ಕೆಳಗೆ ಈ ಸಲ
ಒಂದು ಬೀಡಿಕಟ್ಟು ತೂರುವಷ್ಟು ಬೆಳಕು.

ಗುಮಾಸ್ತೆ ಫಿಲೋಮಿನಾ ಬಾಯಿ
ಚಹಾದ ಕಲೆಯಾದ ಕಾಗದದ ಮೇಲೆ ಸರಿಯಿದೆ ಎಂದು ಬರೆದಳು.
ನಾನು ಗ್ಯಾಸು ಮುಚ್ಚಿದೆ.
ಕೊಯ್ಯದಿದ್ದುದಕ್ಕೆ ಕೂಲಿಯಿಲ್ಲ.

ಒಂಬತ್ತಕ್ಕೆ ಬಿಟ್ಟಿತು, ತಾಸು ತಡವಾಗಿ.
ಸರಪಳಿ ಒಮ್ಮೆ ಬಿಗಿದು ಸಡಿಲಾಗಿ ಮತ್ತೆ ಬಿಗಿಯಿತು.
ಬೆಳಗಾವಿ ದಾಟಿ, ಪಾಚ್ಛಾಪುರ ದಾಟಿ,
ಮಧ್ಯಾಹ್ನಕ್ಕೆ ಕುಡಚಿಯ ಸೇತುವೆಯ ಮೇಲೆ
ಕೃಷ್ಣೆಯ ನೀರಿನಲ್ಲಿ ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ,
ನಾನೊಬ್ಬನೇ ನೋಡಿದ್ದ ಹೊಟ್ಟೆ.
ಆಮೇಲೆ ಯಾವ ಊರೋ, ಯಾವ ಭಾಷೆಯೋ.
ಅಲ್ಲೊಬ್ಬ ಹುಡುಗ ಪೈಪು ಸಿಕ್ಕಿಸಿ
ನಮ್ಮ ಗಾಳಿಯ ಮೇಲೆ ತನ್ನ ಗಾಳಿ ತುಂಬುತ್ತಾನೆ.

ಕಡೆಯ ವ್ಯಾಗನ್ನು ಸಿಗ್ನಲ್ ದಾಟಿದ ಮೇಲೆ
ತೌಸೀಫ ಜೇಬು ಮುಟ್ಟಿಕೊಂಡ.
ಓಡಿದ. ಹಳಿಯ ಪಕ್ಕದ ಕಲ್ಲಿನ ಮೇಲೆ
ಚಪ್ಪಲಿ ಬಿಟ್ಟು ಓಡಿದ.
ಮತ್ತೆ ನಡೆದು ಬಂದ.
ಅಂಗೈಯಲ್ಲಿ ಹನ್ನೆರಡು ಕಪ್ಪು ಮುಚ್ಚಳ,
ಬೆವರಿಗೆ ಹೊಳೆಯುತ್ತಿದ್ದವು.

"ಹೋಗ್ಲಿ ಬಿಡೋ," ಅಂದೆ.
"ಧೂಳ ಹೊಗತೈತಲ್ರಿ," ಅಂದ,
ದಾರಿ ಎಷ್ಟು ಉದ್ದ ಎಂದು ನನ್ನನ್ನು ಕೇಳಿದ.