ಇನ್ನೂರನೆಯ ದೋಷ

ಹಾಪ್ಸಾಲುವಿನ ಸೈಕಲ್ ಅಂಗಡಿಯ ಹಿಂದಿನ ಕೋಣೆಗೆ
ಫ್ಲಾಪಿಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದ ಕಾಲ್ಯೊ,
ಜೇನುಹುಟ್ಟು ತಂದವನ ಹಾಗೆ, ಅಲುಗಿಸದೆ.
ಮೇಲೆ ಪೆನ್ಸಿಲ್ಲಿನಲ್ಲಿ: ಹಿಮದಾರಿ, ತೊಂಬತ್ತಮೂರು, ಲೇಲೊ.

ಲೇಲೊ ಅವನ ಜೊತೆ ದಾರಿ ಕಾಯುತ್ತಿದ್ದವನ ಮಗಳು.
ಶಾಲೆಗಿದ್ದ ಒಂದೇ ಕಂಪ್ಯೂಟರಿನ ಮುಂದೆ
ಒಂದಿಡೀ ಚಳಿಗಾಲ ಕೂತು ಬರೆದ ಆಟ:
ಹೆಪ್ಪುಗಟ್ಟಿದ ಕಡಲ ಮೇಲೆ ಹೀಯುಮಾ ದ್ವೀಪಕ್ಕೆ
ಅಂಚೆ ವ್ಯಾನು ದಾಟಿಸಬೇಕು. ಅಷ್ಟೇ.

"ಈಗೀಗ ಕಡಲು ಹೆಪ್ಪುಗಟ್ಟುವುದಿಲ್ಲ," ಅಂದ.
"ಆಟವಾದರೂ ನಡೆಯಲಿ."

ತೆರೆದೊಡನೆ ಹೇಳಿತು: ನೆನಪು ಸಾಲದು.
ನಗು ಬಂತು. ಹದಿನಾರು ಗಿಗಾಬೈಟಿನ ಹೊಸ ಯಂತ್ರವನ್ನು
ಹಳೆಯ ಆಟ ತನ್ನ ಗೇಣಿನಲ್ಲಿ ಅಳೆದು ಅಳೆದು
ಎಣಿಕೆ ತುಂಬಿ ಚೆಲ್ಲಿ, ಋಣಸಂಖ್ಯೆಗೆ ಇಳಿದು,
ಸಿರಿವಂತನನ್ನು ಸಾಲಗಾರನೆಂದು
ಹೊಸ್ತಿಲಿನಿಂದಲೇ ಅಟ್ಟಿತ್ತು.
ಹೊಸದರೊಳಗೆ ಹಳೆಯ ಯಂತ್ರದ ವೇಷ ಕಟ್ಟಿದೆ,
ನನ್ನಲ್ಲಿರುವುದು ಹದಿನಾರೇ ಮೆಗಾಬೈಟ್ ಅನ್ನಿಸಿದೆ.
ನಂಬಿತು. ಬಡತನ ಅದಕ್ಕೆ ಅರ್ಥವಾಗುತ್ತಿತ್ತು.

ಆಮೇಲೆ ಇನ್ನೂರನೆಯ ದೋಷ:
ಸೊನ್ನೆಯಿಂದ ಭಾಗಿಸಲಾಗದು.

ಕಾಲ್ಯೊನಿಗೆ ಬಿಡಿಸಿ ಹೇಳಲು ನೋಡಿದೆ.
"ಶುರುವಾಗುವ ಮೊದಲು ಇದು ಯಂತ್ರದ ನಾಡಿ ಹಿಡಿಯುತ್ತದೆ,
ಕಣ್ಣೆವೆ ಬಡಿಯುವುದರೊಳಗೆ ಎಷ್ಟು ಎಣಿಸಬಲ್ಲೆ, ಎಣಿಸು, ಅಂತ.
ಹೊಸದು ಎಣಿಸಿದ್ದನ್ನು ಐವತ್ತೈದು ಪಾಲು ಮಾಡಿದರೂ
ಒಂದು ಪಾಲೂ ಇದರ ಬೊಗಸೆಯಲ್ಲಿ ಹಿಡಿಯುವುದಿಲ್ಲ.
ಹಿಡಿಯದ್ದಕ್ಕೂ ಇಲ್ಲದ್ದಕ್ಕೂ
ಇದರ ಬಾಯಲ್ಲಿರುವುದು ಒಂದೇ ಬೈಗುಳ."
"ನಮ್ಮತ್ತೆಯ ಹಾಗೆ," ಅಂದ ಕಾಲ್ಯೊ.

ಲೇಲೊ ಬರೆದದ್ದರ ನಡುವೆ ಎರಡೇ ಬೈಟು ತಿದ್ದಿದೆ.
ಪರದೆ ಬೆಳ್ಳಗಾಯಿತು. ದಾರಿ.
ದಾರಿಯುದ್ದಕ್ಕೂ ಗುರುತಿಗೆ ನೆಟ್ಟ ಜುನಿಪರ್ ಕೊಂಬೆಗಳು.
ವ್ಯಾನು ಹೊರಟಿತು ಅನ್ನುವುದರೊಳಗೆ ಮುಳುಗಿತ್ತು.
ಕೀಲಿ ಒತ್ತಲು ಬೆರಳೆತ್ತುವಷ್ಟರಲ್ಲಿ
ಮೂರು ಸಲ ಸತ್ತಿದ್ದೆವು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಈ ದೊಣ್ಣೆಗೆ ನಿಮಿಷವೂ ಬೇಡ.

ನಿಧಾನ ಮಾಡಬೇಕು, ಸರಿ. ಎಷ್ಟು?
ಶಾಲೆಯ ಆ ಯಂತ್ರ ಗುಜರಿಗೆ ಹೋಗಿ ಇಪ್ಪತ್ತು ವರ್ಷ.
ಫೋನು ಮಾಡಿದರೆ ಲೇಲೊ
"ಅದನ್ನು ನಾನು ಬರೆದಿದ್ದೆನೇ?" ಅಂದಳು.

ಕಾಲ್ಯೊ ಕಣ್ಣು ಮುಚ್ಚಿದ.
"ನಡೆಸು. ಕೊಂಬೆ ಬಂದಾಗೆಲ್ಲ ಹೂಂ ಅನ್ನು."
ಹೂಂ ಅಂದೆ. ಹೂಂ ಅಂದೆ.
"ಜಾಸ್ತಿಯಾಯಿತು."
ಇಳಿಸಿದೆ. ಎಂಟು ಸಾವಿರ ಆವರ್ತ, ಆರು, ನಾಲ್ಕೂವರೆ.
"ಇದು ಕೆಟ್ಟ ವೇಗ," ಅಂದ ಥಟ್ಟನೆ.
"ಇಪ್ಪತ್ತೈದಕ್ಕೂ ನಲವತ್ತಕ್ಕೂ ನಡುವೆ ಓಡಿಸಬಾರದು.
ಅಡಿಯ ನೀರಿನಲ್ಲಿ ಅಲೆಯೆದ್ದು ವ್ಯಾನಿನ ಜೊತೆಗೇ ಬರುತ್ತದೆ,
ನಿನ್ನ ಭಾರದಿಂದಲೇ ನಿನ್ನ ಮುಂದಿನ ಮಂಜುಗಡ್ಡೆ ಒಡೆಯುತ್ತದೆ.
ಇನ್ನೂ ಇಳಿಸು."
"ಆಟಕ್ಕೆ ಇದೆಲ್ಲ ಗೊತ್ತೆ?"
"ಹುಡುಗಿಗೆ ಗೊತ್ತಿತ್ತು."

ಮೂರು ಸಾವಿರದ ಇನ್ನೂರು. ಹೂಂ.
ಕಿಟಕಿಯಾಚೆ ಕೊಲ್ಲಿಯ ನೀರು
ಫೆಬ್ರವರಿಯಲ್ಲೂ ಬೂದಿಬಣ್ಣಕ್ಕೆ ಅಲುಗುತ್ತಿತ್ತು.
ಹೂಂ.
ಮೇಜಿನ ಅಂಚಿನಲ್ಲಿ ಎಣಿಸುತ್ತಿದ್ದ ಅವನ ಬೆರಳು
ನನ್ನ ದನಿಯ ಜೊತೆಗೇ ಕೆಳಗಿಳಿಯಿತು.
"ಇದೇ," ಅಂದ. ಕಣ್ಣು ತೆರೆಯಲಿಲ್ಲ.

ಸದ್ದು ಇನ್ನೂ ಕೂಡಿಬಂದಿರಲಿಲ್ಲ;
ಎಂಜಿನ್ನು ಸೊಳ್ಳೆಯ ಹಾಗೆ ಗುಂಯ್ಗುಡುತ್ತಿತ್ತು.
ನಾಳೆ ನೋಡುತ್ತೇನೆ ಅಂದರೆ ಬೇಡವೆಂದ.
ಹೊಗೆಗೆ ಕಟ್ಟಿದ ಎರಡು ಮೀನು ನನ್ನ ಕೈಗಿಟ್ಟು
ಕೀಲಿಮಣೆ ತನ್ನತ್ತ ಎಳೆದುಕೊಂಡ.

ಮೊದಲು ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿದ.
ಮಂಜುಗಡ್ಡೆಯ ದಾರಿಯಲ್ಲಿ ಬೆಲ್ಟು ಕಟ್ಟಿಕೊಳ್ಳುವ ಹಾಗಿಲ್ಲ,
ಜಿಗಿಯಬೇಕಾಗಿ ಬಂದರೆ.
ಕುರ್ಚಿಯನ್ನು ಬಾಗಿಲ ಕಡೆಗೆ ತುಸು ಓರೆ ಮಾಡಿ,
ಎಡಗಾಲು ಹೊರಗಿಟ್ಟು,
ಹೊರಟ.