ನಾಲ್ಕು ಗುಂಡಿ

ಮೂರು ಮೀಟರ್ ಕಪ್ಪು ಪೈಪು ಕೇಳಿದಳು.
ತೋಟಕ್ಕೋ? ಅಂದೆ. ಸೊಂಟಕ್ಕೆ, ಅಂದಳು.
ವಾಲ್ಪರೈಸೊ ಬೆಟ್ಟದ ನಡುಮೆಟ್ಟಿಲಲ್ಲಿ
ಮೂವತ್ತೊಂದು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನನ್ನದು.
ಮೊಳೆ ತೂಗಿ ಕೊಟ್ಟಿದ್ದೇನೆ, ಸರಪಳಿ ಅಳೆದು ಕೊಟ್ಟಿದ್ದೇನೆ,
ಸೊಂಟಕ್ಕೆಂದು ಯಾರೂ ಏನೂ ಕೇಳಿರಲಿಲ್ಲ.

ಹೆಸರು ನಯರೆತ್. ಕೆಲಸ ಕೆಂಪು ದೀಪದ ಮುಂದೆ.
ಕೆಳಗೆ ಮಾರುಕಟ್ಟೆಯ ತಿರುವಿನಲ್ಲಿ ದೀಪ ಕೆಂಪಾದರೆ
ನಲವತ್ತೆರಡು ಸೆಕೆಂಡು ಅವಳದು:
ಮೂವತ್ತು, ಹೂಲಾ ಬಳೆ ತಿರುಗಿಸಲು,
ಹನ್ನೆರಡು, ಕಾರುಗಳ ಸಾಲಿನಲ್ಲಿ ಟೋಪಿ ಹಿಡಿದು ಓಡಲು.

ಇದ್ದ ಬಳೆಗೆ ಏನಾಯಿತು?
ಏನೂ ಆಗಿಲ್ಲ, ಬಸ್ಸಿನವನು ಹತ್ತಿಸುವುದಿಲ್ಲ.
ನಿನಗೊಂದು ಟಿಕೆಟ್ಟು, ನಿನ್ನ ಸೊನ್ನೆಗೆ ಎರಡು, ಅನ್ನುತ್ತಾನೆ.
ಹೊತ್ತುಕೊಂಡೇ ಇಳಿಯುತ್ತೇನೆ ಮುನ್ನೂರ ಹದಿನಾಲ್ಕು ಮೆಟ್ಟಿಲು.
ಗಾಳಿ ಕಸಿದುಕೊಂಡ ದಿನ
ನನಗಿಂತ ಮೊದಲೇ ಅದು ಕೆಲಸಕ್ಕೆ ಹೋಗಿರುತ್ತದೆ.
ಚೀಲದಲ್ಲಿ ಹಿಡಿಸುವ ಸೊನ್ನೆ ಬೇಕು, ಡಾನ್ ಎವರಿಸ್ತೋ.

ನೆಲದಿಂದ ಹೊಕ್ಕುಳಿಗೆ ಮುಟ್ಟಬೇಕಂತೆ.
ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ಪೈಪನ್ನು ನೆಟ್ಟಗೆ ಮಾಡಲು ಹೋದರೆ ಜಪ್ಪಯ್ಯ ಅನ್ನಲಿಲ್ಲ,
ವರ್ಷಗಟ್ಟಲೆ ಸುರುಳಿಯಲ್ಲಿ ಮಲಗಿದ ಮೈ.
ಬಿಡಿ, ಅಂದಳು,
ತಾನೇನಾಗಬೇಕು ಅಂತ ಅದಕ್ಕೇ ಗೊತ್ತಿದೆ.

ನಾಲ್ಕು ತುಂಡು ಕೊಯ್ದೆ. ಚಹಾಕ್ಕಿಟ್ಟ ನೀರು ಕುದಿಯುತ್ತಿತ್ತು,
ತುದಿಗಳನ್ನು ಅದರಲ್ಲೇ ಅದ್ದಿ ಮೆತ್ತಗೆ ಮಾಡಿ
ಸಣ್ಣ ಪೈಪಿನ ಗೇಣುದ್ದದ ತುಂಡು ಒಳಗೆ ತುರುಕಿ
ತಣ್ಣೀರು ಸುರಿದೆವು. ಕಚ್ಚಿಕೊಂಡಿತು.
ಚಹಾ ಪ್ಲಾಸ್ಟಿಕ್ ನಾತ ಹೊಡೆಯುತ್ತಿತ್ತು. ಇಬ್ಬರೂ ಕುಡಿದೆವು.

ಶನಿವಾರ ಬಂದಳು, ಮೂರೇ ತುಂಡು ಹಿಡಿದು.
ಹದಿನೇಳನೇ ಸುತ್ತಿಗೆ ಬಳೆ ಬಿಚ್ಚಿಕೊಂಡು
ನಾಲ್ಕನೆಯದು ಟ್ಯಾಕ್ಸಿಯ ಗಾಜಿಗೆ ಬಡಿದು
ಮೀನಿನ ಗಾಡಿಯಡಿ ಸೇರಿತಂತೆ.
ಟ್ಯಾಕ್ಸಿಯವನು ಬೈದನೇ?
ಬೈದ. ಆಮೇಲೆ ಐನೂರು ಪೆಸೊ ಕೊಟ್ಟ,
ಅದೂ ಆಟದಲ್ಲೇ ಇದ್ದದ್ದು ಅಂದುಕೊಂಡು.

ತಿರುಗುವಾಗ ಬಿಡಬಾರದು, ಕೇಳಿದಾಗ ಬಿಡಬೇಕು:
ಅಂಥ ಸಾಮಾನು ನನ್ನಲ್ಲಿಲ್ಲ, ಎಂದೆ.
ಅವಳು ನನ್ನನ್ನು ನೋಡುತ್ತಿರಲಿಲ್ಲ.

ಬಾಗಿಲ ಹಿಂದೆ ಎರಡು ಅಲ್ಯುಮಿನಿಯಂ ಊರುಗೋಲು,
ಬಣ್ಣದ ಡಬ್ಬಿ ಇಳಿಸಲು ಹೋಗಿ ಏಣಿಯಿಂದ ಬಿದ್ದ ವರ್ಷದವು.
ಇನ್ನು ಬೇಡ ಅಂತ ಡಾಕ್ಟರು ಹೇಳಿ ಎರಡು ಚಳಿಗಾಲ ಕಳೆದಿತ್ತು.
ಮೆಟ್ಟಿಲಿಗೆ, ಮಂಜಿಗೆ, ಇರಲಿ ಅಂತ ಇಟ್ಟಿದ್ದೆ.
ಸುಳ್ಳೇಕೆ, ದಿನಾ ಹಿಡಿಯುತ್ತಿದ್ದೆ.

ಕೋಲನ್ನು ಉದ್ದ ಗಿಡ್ಡ ಮಾಡುವ ಗುಂಡಿ ನೋಡಿದ್ದೀರಲ್ಲ,
ಒಳಗೆ ಸ್ಪ್ರಿಂಗು, ತೂತಿನಿಂದ ಹಣಕುವ ಉಕ್ಕಿನ ಮೂಗು.
ಬುಡಕ್ಕೊಂದು, ಮೊಣಕೈ ಪಟ್ಟಿಗೊಂದು.
ಎರಡು ಕೋಲು, ನಾಲ್ಕು ಕೀಲು:
ಲೆಕ್ಕ ಅವಳೇ ಮೊದಲು ಮಾಡಿದ್ದು.
ಬಾಯಿಬಿಟ್ಟು ಹೇಳಲಿಲ್ಲ. ನಾನೇ ಸ್ಕ್ರೂಡ್ರೈವರ್ ತಂದೆ.

ಹೊಸ ತುಂಡೊಂದು ಕೊಯ್ದು, ನಾಲ್ಕಕ್ಕೂ ತೂತು ಕೊರೆದೆ.
ಒಂದು ಬದಿಗೆ ರಿವೆಟ್ಟು, ಇನ್ನೊಂದಕ್ಕೆ ಗುಂಡಿ. ಟಕ್.
ಮತ್ತೆ ಟಕ್. ಅವಳು ಬಟ್ಟೆಯ ಟೇಪನ್ನು ಓರೆಯಾಗಿ ಸುತ್ತುತ್ತ ಹೋದಳು,
ನಿಂಬೆ ಹಳದಿ, ಬಂದರಿನ ಹಗ್ಗದ ನೀಲಿ.
ಅಲ್ಲೇ ಒಮ್ಮೆ ತಿರುಗಿಸಿದಳು. ವಾಷರಿನ ಡಬ್ಬ ಉರುಳಿತು,
ಇವತ್ತಿಗೂ ಕಪಾಟಿನಡಿಯಿಂದ ಒಂದೊಂದೇ ಸಿಗುತ್ತಿವೆ.

ಒತ್ತಿ ಬಿಡಿಸಿದರೆ ನಾಲ್ಕು ಬಾಳೆಹಣ್ಣು, ಒಂದು ಚೀಲ.
ಪೈಪಿಗಷ್ಟೇ ಬಿಲ್ಲು ಬರೆದೆ.

ಹದಿನೈದು ದಿನವಾದ ಮೇಲೆ ನಾನೂ ಇಳಿದೆ.
ಕಟಕಟೆ ಹಿಡಿದು, ನೂರ ಅರವತ್ತನೆಯದರಲ್ಲಿ ಕೂತು,
ನಾಯಿಯೊಂದು ನನ್ನನ್ನು ದಾಟಿ ಇಳಿದು, ಹತ್ತಿ, ಮತ್ತೆ ಇಳಿಯಿತು.
ಕೆಂಪು ದೀಪ ಬಿದ್ದಿತ್ತು. ಬಸ್ಸೊಂದು ಮೂಗು ಚಾಚಿ ನಿಂತಿತ್ತು,
ಅದರ ಮುಂದೆ ನನ್ನ ಊರುಗೋಲಿನ ಗುಂಡಿಗಳು
ಯಾವುದಕ್ಕೂ ಊರದೆ ಸುತ್ತುತ್ತಿದ್ದವು.

ನೋಡುತ್ತ ನಡುರಸ್ತೆಯಲ್ಲೇ ನಿಂತುಬಿಟ್ಟಿದ್ದೆ.
ಟೋಪಿ ಕಂಕುಳಲ್ಲಿ ಅವುಚಿಕೊಂಡು ಕೂಗಿದಳು:
ಡಾನ್ ಎವರಿಸ್ತೋ, ಇನ್ನು ಹನ್ನೆರಡು ಸೆಕೆಂಡು!
ದಾಟಿದೆ.
ಒಂದು ಉಳಿಯಿತು.