ಲಾಭ

ಎದೆಗೂಡು ಮುಗಿದು ಹೊಟ್ಟೆ ಶುರುವಾಗುವಲ್ಲಿ
ಒಂದು ಪ್ಲಾಸ್ಟಿಕ್ ಡಬ್ಬಿ ಇಡುತ್ತೇನೆ,
ಸೋಪಿನಷ್ಟು ದೊಡ್ಡದು, ಸೋಪಿನಷ್ಟೂ ಭಾರವಿಲ್ಲ.
ಅದರ ಮುಖದ ಮೇಲೆ ಹೊಳೆಯುವ ಚುಕ್ಕಿಗಳು.
ಕಾಲ್ದೆಸೆಯ ಕ್ಯಾಮೆರಾ ನೋಡುವುದು ಅವನ್ನಷ್ಟೇ,
ಬೇರೇನನ್ನೂ ಅಲ್ಲ. ಮೊದಲ ದಿನವೇ ಹೇಳಬೇಕಾಯಿತು
ದೌಲತ್‌ಬಿಗೆ; ಸೆರಗು ಬಿಟ್ಟಿರಲಿಲ್ಲ.

"ಏರಿದ್ದು ಇಳಿದಿದ್ದು ಬರ್ಕೊಳ್ಳುತ್ತೆ ಅಮ್ಮ, ಅಷ್ಟೇ."
"ನಮ್ಮ ಭಟ್ಟಿ ರೈಟರ್ ಇದ್ದಂಗೆ" ಅಂದರು.

ಗಾಯ ಎಡಗಡೆ. ಅದರ ಹಿಂದೆಯೇ ಹೃದಯ.
ಉಸಿರು ತುಂಬಿ ನಿಲ್ಲಿಸಿದರೆ
ಅದು ಒಂದು ಬೆರಳು ಆಚೆ ಸರಿಯುತ್ತದೆ,
ಹರಿಹರದ ಬಸ್ಸಿನಲ್ಲಿ ಯಾರೋ ಸರ್ಕೊಳ್ರಿ ಅಂದ ಹಾಗೆ,
ಮನಸ್ಸಿಲ್ಲದೆ.
ಆ ಸಂದಿಯಲ್ಲಿ ಕಿರಣ ಹೋಗಬೇಕು.

ಗೋಡೆ ಐದಡಿ ದಪ್ಪ. ಈಚೆ ನಾನು, ಮೈಕು, ಎರಡು ಪರದೆ.
ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ಉಸಿರು:
ಹಳದಿ ಗೆರೆ. ನೀಲಿ ಪಟ್ಟಿಯೊಳಗೆ ಬಂದು ನಿಂತರೆ
ಕಿರಣ ಹೊತ್ತಿಕೊಳ್ಳುತ್ತದೆ. ಜಾರಿದರೆ ಆರುತ್ತದೆ.
ಕೆಮ್ಮಿದರೆ, ಬಿಕ್ಕಿದರೆ,
ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೆನಪಾದರೆ.

ಇಪ್ಪತ್ತು ಎಣಿಸೋವರೆಗೂ ಹಿಡೀರಿ ಅಂದೆ.
ಒಂಬತ್ತಕ್ಕೆ ಬಿಟ್ಟರು. ಮತ್ತೆ ಹನ್ನೊಂದಕ್ಕೆ.
ಮೂವತ್ತು ವರ್ಷ ಹೊಟ್ಟಿನ ಹೊಗೆ ಕುಡಿದ ಪುಪ್ಪುಸ,
ಗೆರೆ ಸೀಳುತ್ತ ಕೆಮ್ಮು.
ಮೂರನೇ ದಿನ ಒಳಗಿಂದ ದನಿ ಬಂತು:
"ನೀವು ಎಣಿಸಬ್ಯಾಡ್ರಿ. ನಿಮ್ಮ ಎಣಿಕೆ ಸರಿಯಿಲ್ಲ."

ಸುಮ್ಮನಾದೆ.
ಗೆರೆ ಏರಿತು, ಪಟ್ಟಿ ಮುಟ್ಟಿತು, ನಿಂತಿತು.
ಹದಿನೈದು. ಇಪ್ಪತ್ತು. ಇಪ್ಪತ್ತಾರು ಸೆಕೆಂಡು,
ಗಾಳಿಯಿಲ್ಲದ ಮಧ್ಯಾಹ್ನ ಕಾಲುವೆಯ ನೀರು ನಿಂತಂತೆ.
ನನ್ನ ಕುರ್ಚಿಯೂ ಕಿರುಗುಟ್ಟಲಿಲ್ಲ.

ಹೇಗೆ ಅಂತ ಕೇಳಿದೆ, ಚಪ್ಪಲಿ ಹುಡುಕುತ್ತಿದ್ದರು.
ದಾವಣಗೆರೆಯ ಅರ್ಧ ಊರಿಗೆ ಮಂಡಕ್ಕಿ ಅಳೆದ ಕೈ
ಗಾಳಿಯಲ್ಲಿ ಸೇರು ಹಿಡಿದು ತೋರಿಸಿತು:
"ಲಾಭ, ಎರಡು, ಮೂರು...
ರಾಶಿ ಮುಂದೆ ಕೂತು ಒಂದು ಅನ್ನಬಾರದ್ರಿ.
ಎಣಿಕೆ ತಪ್ಪಿತಾ, ಚೀಲ ಕಟ್ಟಂಗಿಲ್ಲ.
ಸುರಿದು ಮತ್ತೆ ಮೊದಲಿಂದ."

ಇಪ್ಪತ್ತೈದು ದಿನ. ಅವರ ಫೈಲು ಈಗ ಕಪಾಟಿನಲ್ಲಿದೆ,
ಸ್ಕ್ಯಾನು ಮಳೆಗಾಲ ಕಳೆದ ಮೇಲೆ.
ಏನು ಬರುತ್ತದೋ ನನಗೆ ಗೊತ್ತಿಲ್ಲ.

ಇವತ್ತು ಜಗಳೂರಿನ ಟೀಚರು, ಹೊಸಬರು,
ಮಂಚ ಹಿಡಿದ ಬೆರಳು ಬಿಳಿಚಿಕೊಂಡಿವೆ.
ಮೈಕು ಒತ್ತಿದೆ. "ಉಸಿರು ತಗೊಳ್ಳಿ. ಹಿಡೀರಿ. ಲಾಭ..."
ಅಂದುಬಿಟ್ಟೆ.

ಪಟ್ಟಿ ಮುಟ್ಟಿದ್ದ ಗೆರೆ ಕುಣಿಯಿತು.
ಟೀಚರು ನಗುತ್ತಿದ್ದರು, ಹೊಟ್ಟೆ ಕುಲುಕಿಸಿ,
ಡಬ್ಬಿಯ ಚುಕ್ಕಿಗಳೆಲ್ಲ ನಕ್ಕವು.
ಕಿರಣ ಆರಿತು.

ಸುರಿದು, ಮತ್ತೆ ಮೊದಲಿಂದ.